ಒಂದು ವೋಟಿನ ಕಾಡು

ಭಾಗ 1

ಫೋಟೋ ನೋಡಿದ್ರಾ? ಒಂದು ಟೆಂಟು. ಪಕ್ಕದಲ್ಲಿ ಮರದ ಮೇಜು. ನೆಲದಲ್ಲಿ ಕೂರಿಸಿದ ಕಬ್ಬಿಣದ ಬಳೆಯೊಳಗೆ ಬೆಂಕಿ. ಹಿಂದೆ ಕತ್ತೆತ್ತಿದರೂ ತುದಿ ಸಿಗದ ಪೈನ್ ಮರಗಳು.

ಫೋಟೋ ನಂದಲ್ಲ. ನಮ್ಮ ದೊಡ್ಡಪ್ಪನ ಮಗಳು, ಅಂದ್ರೆ ನನಗೆ ಅಕ್ಕ, ಮಿನ್ನಿಯಾಪೊಲಿಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ಬೇಸಿಗೆಯಲ್ಲಿ ಅವಳೂ ಭಾವನೂ ಎರಡು ರಾತ್ರಿ ಇಟಾಸ್ಕಾ ಸ್ಟೇಟ್ ಪಾರ್ಕಿನಲ್ಲಿ ಟೆಂಟು ಹಾಕಿಕೊಂಡು ಇದ್ದು ಬಂದರು. "ಹಾಕ್ಕೋ, ಆದ್ರೆ ನನ್ನ ಮುಖ ಇರೋ ಫೋಟೋ ಬೇಡ" ಅಂತ ಪರ್ಮಿಷನ್ ಕೊಟ್ಟಿದ್ದಾಳೆ. ಹಾಗಾಗಿ ಈ ಸೀರೀಸಿನಲ್ಲಿ ನಿಮಗೆ ಮರ, ನೀರು, ಕಲ್ಲು ಮಾತ್ರ ಕಾಣುತ್ತೆ. ಒಂದು ಕಡೆ ಭಾವನ ಶೂ ಬಂದಿದೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಫ್ಯಾಮಿಲಿ ಗ್ರೂಪಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ, "ಒಂದು ರಾತ್ರಿಗೆ ಎಷ್ಟಾಯ್ತು?" ಬಿಕಾಂ ಬುದ್ಧಿ, ಏನ್ಮಾಡೋದು. ಎರಡನೇ ಪ್ರಶ್ನೆ, "ಇಷ್ಟು ದೊಡ್ಡ ಮರಗಳು ಉಳಿದಿದ್ದು ಹೇಗೆ? ಯಾರದ್ದು ಈ ಕಾಡು?" ಅಕ್ಕ ಮೊದಲನೆಯದಕ್ಕೆ ಉತ್ತರ ಕೊಡಲಿಲ್ಲ. ಎರಡನೆಯದಕ್ಕೆ, "ಸ್ಟೇಟ್‌ದು. ಆದ್ರೆ ಅದಕ್ಕೊಂದು ದೊಡ್ಡ ಕಥೆ ಇದೆ, ಹುಡುಕಿ ನೋಡು" ಅಂದಳು.

ಹುಡುಕಿದೆ. ಕಾಸ್ಟ್ ಅಕೌಂಟಿಂಗ್ ಓದಬೇಕಾದ ವಾರದಲ್ಲಿ ಕೂತು ಇದನ್ನೇ ಓದಿದೆ. ಈಗ ನೀವೂ ಓದಿ.

ಸ್ಟೇಟ್ ಪಾರ್ಕ್ ಅಂದ್ರೆ ಬೆಂಚು, ಜಾರುಬಂಡಿ ಇರೋ ಉದ್ಯಾನವನ ಅಂದ್ಕೋಬೇಡಿ. ಅಮೆರಿಕದಲ್ಲಿ ನ್ಯಾಷನಲ್ ಪಾರ್ಕನ್ನು ಕೇಂದ್ರ ಸರ್ಕಾರ ನಡೆಸಿದರೆ ಸ್ಟೇಟ್ ಪಾರ್ಕನ್ನು ಆಯಾ ರಾಜ್ಯ ನಡೆಸುತ್ತೆ. ಕಾಡು, ಕೆರೆ, ನಡೆಯೋ ದಾರಿ, ಟೆಂಟು ಹಾಕೋ ಜಾಗ, ಎಲ್ಲ ಸೇರಿ ಒಂದು ಪಾರ್ಕು. ಇಟಾಸ್ಕಾ ಇರೋದು ಮಿನ್ನೆಸೋಟಾ ರಾಜ್ಯದ ಉತ್ತರದಲ್ಲಿ. 32,000 ಎಕರೆಗಿಂತ ಹೆಚ್ಚು ಜಾಗ, ಒಳಗೆ ನೂರಕ್ಕೂ ಮೀರಿ ಕೆರೆಗಳು. ಮಿಸಿಸಿಪ್ಪಿ ನದಿ ಹುಟ್ಟೋದು ಇಲ್ಲೇ. ಆ ರಾಜ್ಯದ ಅತಿ ಹಳೆಯ ಸ್ಟೇಟ್ ಪಾರ್ಕು ಇದು, 1891ರದ್ದು.

ಅದು ಆಗದೇ ಇರೋ ಚಾನ್ಸೇ ಜಾಸ್ತಿ ಇತ್ತು. ಅದೇ ಈ ಕಥೆ.

ಭಾಗ 2

ಈ ಫೋಟೋದಲ್ಲಿ ಕಾಣೋ ಕೆರೆಗೆ ಇಟಾಸ್ಕಾ ಅನ್ನೋ ಹೆಸರು ಬಂದ ಕಥೆ ಕೇಳಿದ್ರೆ ನಗು ಬರುತ್ತೆ. ಆಮೇಲೆ ಸ್ವಲ್ಪ ಬೇಜಾರೂ ಆಗುತ್ತೆ.

ಈ ಜಾಗಕ್ಕೆ ಮನುಷ್ಯರು ಬಂದು ಸುಮಾರು 8,000 ವರ್ಷ ಆಯ್ತು. ಆಗಿನವರು ಕಾಡೆಮ್ಮೆಯಂಥ ಬೈಸನ್‌ಗಳನ್ನು ಬೇಟೆಯಾಡಿದ ಗುರುತು ಈ ಪಾರ್ಕಿನ ನೆಲದಲ್ಲೇ ಸಿಕ್ಕಿದೆ. ಬಹಳ ಕಾಲದ ನಂತರ ಇಲ್ಲಿ ಓಜಿಬ್ವೆ ಜನ ಇದ್ದರು, ಅವರದೇ ಭಾಷೆಯಲ್ಲಿ ಅನಿಶಿನಾಬೆ. ಅವರಿಗೆ ಇದು ಎಲ್ಕ್ ಕೆರೆ. ಎಲ್ಕ್ ಅಂದ್ರೆ ನಮ್ಮ ಕಡವೆಗಿಂತ ದೊಡ್ಡ ಒಂದು ಜಿಂಕೆ ಜಾತಿ.

1832ರಲ್ಲಿ ಹೆನ್ರಿ ಸ್ಕೂಲ್‌ಕ್ರಾಫ್ಟ್ ಅನ್ನೋ ಸರ್ಕಾರಿ ಅಧಿಕಾರಿ ನದಿಯ ಮೂಲ ಹುಡುಕಿಕೊಂಡು ಬಂದ. ಆಗ ಇದು ಬಿಳಿಯರಿಗೆ ದೊಡ್ಡ ಒಗಟು. ಅವನಿಗಿಂತ ಮೊದಲು ಹುಡುಕಿದವರು ಬೇರೆ ಬೇರೆ ಕೆರೆ ತೋರಿಸಿ ಇದೇ ಮೂಲ ಅಂತ ಹೇಳಿ ಹೋಗಿದ್ದರು. ಸ್ಕೂಲ್‌ಕ್ರಾಫ್ಟ್ ಗೆದ್ದಿದ್ದು ಹೇಗೆ ಗೊತ್ತಾ? ಗೊತ್ತಿದ್ದವರನ್ನು ಕೇಳಿದ. ಓಜಾವಿಂಡಿಬ್ ಅನ್ನೋ ಓಜಿಬ್ವೆ ಮುಖಂಡ ದೋಣಿಗಳನ್ನು ಹೊಂದಿಸಿಕೊಟ್ಟು, ದಾರಿ ತೋರಿಸಿಕೊಂಡು, ಜುಲೈ 13ರಂದು ನೇರವಾಗಿ ಈ ಕೆರೆಗೆ ಕರೆತಂದು ನಿಲ್ಲಿಸಿದ.

ಸ್ಕೂಲ್‌ಕ್ರಾಫ್ಟ್ ಕೆರೆ ನಡುವಿನ ದ್ವೀಪದಲ್ಲಿ ಇಳಿದು, ಬಾವುಟ ನೆಟ್ಟು, ಅದೇ ದಿನ ವಾಪಸ್ ಹೊರಟ. ದ್ವೀಪಕ್ಕೆ ಇವತ್ತಿಗೂ ಅವನದೇ ಹೆಸರು! ಕೆರೆಗೆ ಹೊಸ ಹೆಸರು ಬೇಕಿತ್ತಲ್ಲ, ಜೊತೆಗಿದ್ದ ಪಾದ್ರಿಯನ್ನು ಲ್ಯಾಟಿನ್‌ನಲ್ಲಿ 'ನಿಜವಾದ ಮೂಲ' ಅನ್ನೋದಕ್ಕೆ ಪದ ಕೇಳಿದ. ಪಾದ್ರಿ ಕೊಟ್ಟಿದ್ದು ಎರಡು ಪದ, 'ವೆರಿಟಾಸ್', 'ಕಾಪುಟ್'. ಮೊದಲನೆಯದರ ತಲೆ ಕತ್ತರಿಸಿ, ಎರಡನೆಯದರ ಬಾಲ ಕತ್ತರಿಸಿ, ಉಳಿದಿದ್ದನ್ನು ಅಂಟಿಸಿದರು. ಇಟಾಸ್ + ಕಾ. ಕೇಳೋಕೆ ಯಾವುದೋ ಮೂಲನಿವಾಸಿ ಭಾಷೆಯ ಪದದ ಥರ ಇದೆ ಅಲ್ವಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಅಲ್ಲಿನವರ ಪದ ಆಗಲೇ ಇತ್ತು, ಅದನ್ನು ಯಾರೂ ಬಳಸಲಿಲ್ಲ.

1855ರ ಒಪ್ಪಂದದಲ್ಲಿ ಓಜಿಬ್ವೆ ಜನ ಈ ಭಾಗದ ದೊಡ್ಡ ಪ್ರದೇಶವನ್ನು ಸರ್ಕಾರಕ್ಕೆ ಬಿಟ್ಟುಕೊಡಬೇಕಾಯ್ತು. ಮುಂದೆ 'ಈ ಕಾಡು ಯಾರದು' ಅಂತ ಬಹಳ ಜನ ಜಗಳ ಆಡ್ತಾರೆ. ಆ ಜಗಳ ಶುರುವಾಗೋ ಹೊತ್ತಿಗೆ ಮೊದಲಿದ್ದವರನ್ನು ಲೆಕ್ಕದಿಂದಲೇ ತೆಗೆದಾಗಿತ್ತು ಅನ್ನೋದು ನೆನಪಿರಲಿ.

ಭಾಗ 3

ಸುಮಾರು ಐವತ್ತು ವರ್ಷ ಆದ ಮೇಲೆ, 1881ರಲ್ಲಿ, ವಿಲ್ಲರ್ಡ್ ಗ್ಲೇಜಿಯರ್ ಅನ್ನೋನು ಬಂದ. "ಸ್ಕೂಲ್‌ಕ್ರಾಫ್ಟ್ ಹೇಳಿದ್ದು ತಪ್ಪು, ನಿಜವಾದ ಮೂಲ ಪಕ್ಕದ ಇನ್ನೊಂದು ಕೆರೆ, ಕಂಡುಹಿಡಿದವನು ನಾನು" ಅಂದ. ಆ ಕೆರೆಗೆ ಇಡಬೇಕು ಅಂದಿದ್ದು ಯಾವ ಹೆಸರು? ಸರಿಯಾಗಿ ಊಹಿಸಿದ್ರಿ, ಗ್ಲೇಜಿಯರ್ ಕೆರೆ. ಪುಸ್ತಕ, ಪತ್ರಿಕೆ ಎಲ್ಲ ಕಡೆ ಇದು ಓಡಾಡಿತು. ಇವತ್ತಾಗಿದ್ರೆ ಬ್ಲೂ ಟಿಕ್ ಸಿಕ್ಕಿರೋದು.

ಈ ಗಲಾಟೆ ಬಗೆಹರಿಸೋಕೆ 1888ರಲ್ಲಿ ಬಂದವರು ಜೇಕಬ್ ಬ್ರೋವರ್. ಸರ್ವೆಯರ್, ಇತಿಹಾಸದ ಹುಚ್ಚು ಬೇರೆ. ಸುತ್ತಲ ತೊರೆ, ಕೆರೆ, ಜೌಗು ಎಲ್ಲ ಅಳೆದು, ಗ್ಲೇಜಿಯರ್ ಹೇಳಿದ್ದು ನಿಲ್ಲೋ ಮಾತಲ್ಲ ಅಂತ ತೋರಿಸಿದರು.

ಆದರೆ ಅಳೆಯೋಕೆ ಬಂದವರ ಕಣ್ಣಿಗೆ ಇನ್ನೊಂದು ವಿಷಯ ಬಿತ್ತು. ದಕ್ಷಿಣದ ಕಡೆಯಿಂದ ಮರ ಕಡಿಯೋ ಕಂಪನಿಗಳು ಒಂದೊಂದೇ ಬೆಟ್ಟ ಬೋಳು ಮಾಡಿಕೊಂಡು ಇತ್ತಲೇ ಬರ್ತಾ ಇದ್ದವು. ಆ ಕಾಲಕ್ಕೆ ಮಿನ್ನೆಸೋಟಾದ ಪೈನ್ ಅಂದ್ರೆ ಚಿನ್ನ. ಮಿನ್ನಿಯಾಪೊಲಿಸ್‌ನ ಸಾ ಮಿಲ್ಲುಗಳು ಹಗಲೂ ರಾತ್ರಿ ಓಡ್ತಿದ್ದವು. ಮರವೇ ಬೆಳೆಯದ ಬಯಲು ಸೀಮೆಯಲ್ಲಿ ಹೊಸ ಊರುಗಳು ಏಳ್ತಿದ್ದವು, ಅವಕ್ಕೆಲ್ಲ ಹಲಗೆ ಬೇಕು. ಇನ್ನು ಕೆಲವೇ ವರ್ಷದಲ್ಲಿ ಈ ಕೆರೆಯ ದಡದ ಮರಗಳೂ ಹೋಗ್ತವೆ ಅಂತ ಬ್ರೋವರ್‌ಗೆ ಸ್ಪಷ್ಟವಾಗಿ ಗೊತ್ತಾಯ್ತು. ನದಿಯ ಮೂಲ ಯಾವುದು ಅನ್ನೋ ಜಗಳದಲ್ಲಿ ಎಲ್ಲರೂ ಮುಳುಗಿದ್ದಾಗ, ಮೂಲವೇ ಉಳಿಯುತ್ತಾ ಅಂತ ಕೇಳಿದ್ದು ಬ್ರೋವರ್.

ಅವರು ಮತ್ತು ಕೆಲವರು ಸೇರಿ ಶಾಸನಸಭೆಯ ಬೆನ್ನು ಹತ್ತಿದರು. ಆಗ ರಾಜ್ಯವೊಂದು ಕಾಡನ್ನು ಪಾರ್ಕು ಅಂತ ಇಟ್ಟುಕೊಳ್ಳೋದೇ ಹೊಸ ಐಡಿಯಾ. ನ್ಯೂಯಾರ್ಕ್ ರಾಜ್ಯ ನಯಾಗರಾ ಜಲಪಾತದ ಸುತ್ತ 1885ರಲ್ಲಿ ಅಂಥದ್ದೊಂದು ಮಾಡಿ ಇನ್ನೂ ಆರು ವರ್ಷ ಆಗಿತ್ತು ಅಷ್ಟೇ. ಮರದ ವ್ಯಾಪಾರಿಗಳ ಕೈ ಉದ್ದ ಇತ್ತು.

1891ರ ಏಪ್ರಿಲ್ 20ರಂದು ಮಸೂದೆ ಪಾಸಾಯ್ತು. ಅಂತರ ಎಷ್ಟು? ಒಂದು ವೋಟು.

ಕ್ಲಾಸ್ ರೆಪ್ರೆಸೆಂಟೇಟಿವ್ ಎಲೆಕ್ಷನ್‌ಗೆ "ನನ್ನೊಬ್ಬನ ವೋಟಿಂದ ಏನಾಗುತ್ತೆ" ಅಂತ ಕ್ಯಾಂಟೀನಿನಲ್ಲಿ ಕೂತಿದ್ದವರೆಲ್ಲ ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ.

ಭಾಗ 4

ಇಲ್ಲಿಗೆ ಕಥೆ ಮುಗೀತು ಅಂದ್ಕೊಂಡ್ರೆ ನೀವು ಅಕೌಂಟ್ಸ್ ಓದಿಲ್ಲ ಅಂತ ಅರ್ಥ.

ಕಾನೂನು ನಕ್ಷೆಯ ಮೇಲೆ ಸುಮಾರು 35 ಚದರ ಮೈಲಿಯ ಒಂದು ಗೆರೆ ಎಳೆದು 'ಇದು ಪಾರ್ಕು' ಅಂದಿತು. ಗೆರೆಯೊಳಗಿನ ಜಮೀನು ಕೊಳ್ಳೋಕೆ ದುಡ್ಡು ಕೊಡಲಿಲ್ಲ. ಮುಂದಿನ ವರ್ಷ ಕೇಂದ್ರ ಸರ್ಕಾರ ಗೆರೆಯೊಳಗೆ ತನ್ನ ಹೆಸರಲ್ಲಿದ್ದ ಸುಮಾರು 7,000 ಎಕರೆ ಬಿಟ್ಟುಕೊಟ್ಟಿತು. ಉಳಿದ ಎಷ್ಟೋ ಭಾಗ ರೈಲ್ವೆ ಕಂಪನಿ, ಮರದ ಕಂಪನಿ, ಖಾಸಗಿ ಜನರ ಹೆಸರಲ್ಲೇ ಇತ್ತು.

ಅಂದ್ರೆ ಪಾರ್ಕಿನ ಹೊಟ್ಟೆಯಲ್ಲೇ ಮರ ಕಡಿಯೋದು ಕಾನೂನುಬದ್ಧ! ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿ ಅಂತ ತೋರಿಸಿ ಟೈಟಲ್ ಡೀಡ್ ಇನ್ನೊಬ್ಬರ ಹೆಸರಲ್ಲಿ ಇಟ್ಟ ಹಾಗೆ. ನಮ್ಮ ಆಡಿಟಿಂಗ್ ಲೆಕ್ಚರರ್ ನೋಡಿದ್ರೆ ಮೊದಲನೇ ಪುಟದಲ್ಲೇ ಕೆಂಪು ಇಂಕು ಹಾಕ್ತಿದ್ದರು. ಮೊದಲ ಕಮಿಷನರ್ ಆದ ಬ್ರೋವರ್ ಜಮೀನು ಒಟ್ಟು ಮಾಡೋಕೆ ಓಡಾಡಿದರು, ಆದರೆ ಕೈಯಲ್ಲಿ ಹಣ ಇಲ್ಲದ ಕಮಿಷನರ್ ಎಷ್ಟು ಮಾಡೋಕಾಗುತ್ತೆ?

ಈಗ ಮರ ಸಾಗಿಸೋದು ಹೇಗೆ ಅಂತ ಸ್ವಲ್ಪ ಹೇಳ್ತೀನಿ, ಮುಂದಿನ ಭಾಗ ಅರ್ಥ ಆಗಬೇಕಂದ್ರೆ ಇದು ಬೇಕು. ಚಳಿಗಾಲದಲ್ಲಿ ಮರ ಕಡೀತಾರೆ. ನೆಲ ಹೆಪ್ಪುಗಟ್ಟಿರುತ್ತೆ, ದಿಮ್ಮಿಗಳನ್ನು ಮಂಜಿನ ಮೇಲೆ ಎಳೆದು ನೀರಿನ ದಡಕ್ಕೆ ತಂದು ರಾಶಿ ಹಾಕೋದು ಸುಲಭ. ವಸಂತದಲ್ಲಿ ಮಂಜು ಕರಗಿ ಹೊಳೆ ತುಂಬಿದಾಗ ದಿಮ್ಮಿಗಳನ್ನು ನೀರಿಗೆ ತಳ್ಳಿ ಮಿಲ್ಲಿನ ತನಕ ತೇಲಿಸ್ತಾರೆ. ಆದರೆ ಮೂಲದ ಹತ್ತಿರ ಮಿಸಿಸಿಪ್ಪಿ ಒಂದು ತೊರೆ ಅಷ್ಟೇ, ಮೊಣಕಾಲುದ್ದ ನೀರು. ದಿಮ್ಮಿ ತೇಲಲ್ಲ. ಅದಕ್ಕೆ ಕಂಪನಿಯವರು ಕೆರೆಯ ಕೆಳಗೆ ಅಣೆಕಟ್ಟೆ ಕಟ್ಟಿ, ಗೇಟು ಮುಚ್ಚಿ, ಕರಗಿದ ನೀರೆಲ್ಲ ಹಿಡಿದಿಟ್ಟುಕೊಳ್ಳೋರು. ಸಾಕಷ್ಟು ಸೇರಿದ ಮೇಲೆ ಒಮ್ಮೆಲೇ ಗೇಟು ತೆಗೆದ್ರೆ ಆ ನೀರಿನ ರಭಸಕ್ಕೆ ದಿಮ್ಮಿಗಳು ಓಡ್ತವೆ.

ತೊಂದರೆ ಏನಂದ್ರೆ ಹಿಡಿದಿಟ್ಟ ನೀರು ಹಿಂದಕ್ಕೆ ಏರುತ್ತೆ. ಕೆರೆಯ ದಡ ಮುಳುಗುತ್ತೆ. ದಡದ ಪೈನ್‌ಗಳ ಬೇರು ವಾರಗಟ್ಟಲೆ ನೀರಲ್ಲಿ ನಿಂತ್ರೆ ಉಸಿರುಕಟ್ಟಿ ಸಾಯ್ತವೆ. ಕಂಪನಿ ತನ್ನ ಮರ ಸಾಗಿಸೋಕೆ ಪಾರ್ಕಿನ ಮರ ಕೊಲ್ಲುತ್ತೆ. ಅದರ ಖರ್ಚು ಕಂಪನಿಯ ಯಾವ ಪುಸ್ತಕದಲ್ಲೂ ಬರಲ್ಲ.

ಭಾಗ 5

ಈ ಸೀರೀಸ್ ಬರೆಯೋಕೆ ಕೂತಿದ್ದೇ ಈ ಭಾಗಕ್ಕೋಸ್ಕರ.

1903. ಆಗಿನ ಪಾರ್ಕ್ ಕಮಿಷನರ್ ಗಿಬ್ಸ್ ಅನ್ನೋರು ಚಳಿಗಾಲದಲ್ಲಿ ತೀರಿಕೊಂಡರು. ಅವರ ಮಗಳು ಮೇರಿ ಅಪ್ಪನ ಜೊತೆ ಅಲ್ಲೇ ಇದ್ದು ಕೆಲಸದಲ್ಲಿ ನೆರವಾಗ್ತಿದ್ದವಳು. ಗವರ್ನರ್ ಅವಳನ್ನೇ ಕಮಿಷನರ್ ಸ್ಥಾನಕ್ಕೆ ನೇಮಿಸಿದರು. ವಯಸ್ಸು 24. ಅಮೆರಿಕದಲ್ಲಿ ಹೆಂಗಸರಿಗೆ ದೇಶದ ಎಲ್ಲ ಕಡೆ ವೋಟು ಸಿಗೋಕೆ ಇನ್ನೂ 17 ವರ್ಷ ಬಾಕಿ ಇತ್ತು. ವೋಟು ಹಾಕೋ ಹಾಗಿಲ್ಲ, ಆದರೆ ಒಂದಿಡೀ ಪಾರ್ಕಿನ ಜವಾಬ್ದಾರಿ.

24 ಅಂದ್ರೆ ನನಗಿಂತ ನಾಲ್ಕೇ ವರ್ಷ ದೊಡ್ಡವಳು. ನಾನು ಇನ್ನೂ ಬ್ಯಾಂಕಿಗೆ ಹೋದ್ರೆ ಅಪ್ಪನಿಗೆ ಫೋನ್ ಮಾಡಿ "ಯಾವ ಕೌಂಟರು?" ಅಂತ ಕೇಳ್ತೀನಿ.

ಅವಳಿಗೆ ಅಪ್ಪ ಸತ್ತ ದುಃಖ ಆರಿರಲಿಲ್ಲ, ವಸಂತ ಬಂತು. ಕಂಪನಿ ಅಣೆಕಟ್ಟೆಯ ಗೇಟು ಮುಚ್ಚಿತು. ನೀರು ಏರಿತು, ದಡದ ಮರಗಳ ಬುಡ ಮುಳುಗಿತು. ಮೇರಿ ಗೇಟು ತೆಗೆಯಿರಿ ಅಂದಳು. ತೆಗೆಯಲಿಲ್ಲ. ಸರಿ, ಕಾನೂನಿನ ಕಡೆಯ ಜನರನ್ನು ಕರೆದುಕೊಂಡು ತಾನೇ ಅಣೆಕಟ್ಟೆಗೆ ಹೋದಳು.

ಅಲ್ಲಿ ಕಂಪನಿಯ ಆಳುಗಳು ಕಾಯ್ತಾ ನಿಂತಿದ್ದರು, ಬಂದೂಕು ಸಮೇತ. ಗೇಟಿನ ಲಿವರ್ ಯಾರು ಮುಟ್ಟಿದ್ರೂ ಗುಂಡು ಹಾರಿಸ್ತೀವಿ ಅಂತ ಬೆದರಿಕೆ. ಜೊತೆಗೆ ಬಂದ ಗಂಡಸರು ಹಿಂಜರಿದರು. ಮೇರಿ ಮುಂದೆ ಹೋದಳು, ನೀವು ಹೊಡೆಯಲ್ಲ ಅಂತ ಹೇಳಿ ಲಿವರ್ ಮೇಲೆ ಕೈಯಿಟ್ಟಳು.

ಗುಂಡು ಹಾರಲಿಲ್ಲ.

ಸಿನಿಮಾ ಆಗಿದ್ರೆ ಇಲ್ಲಿಗೆ ಬಿಜಿಎಂ, ನೀರು ಧುಮುಕೋ ಶಾಟ್, ಟೈಟಲ್. ನಿಜ ಜೀವನದಲ್ಲಿ ಆಗಿದ್ದು ಬೇರೆ. ಕಂಪನಿ ಕೋರ್ಟಿಗೆ ಹೋಯ್ತು. ಅಣೆಕಟ್ಟೆಯ ತಂಟೆಗೆ ಹೋಗಬಾರದು ಅಂತ ಮೇರಿಯ ವಿರುದ್ಧವೇ ಆದೇಶ ತಂದಿತು. ಅದಾಗಿ ಸ್ವಲ್ಪ ದಿನಕ್ಕೆ ಅವಳನ್ನು ಕೆಲಸದಿಂದ ತೆಗೆದು ಬೇರೊಬ್ಬರನ್ನು ಕೂರಿಸಿದರು. ಒಟ್ಟು ಸುಮಾರು ನಾಲ್ಕು ತಿಂಗಳ ಅಧಿಕಾರ. ನಮ್ಮ ಒಂದು ಸೆಮಿಸ್ಟರಿನಷ್ಟು.

ಇದನ್ನು ಓದಿ ನನ್ನ ರೂಮ್‌ಮೇಟ್‌ಗೆ ಹೇಳಿದಾಗ ಅವಳು ಕೇಳಿದ್ದು, "ಹಾಗಾದ್ರೆ ಅವಳು ಸೋತಳಲ್ವಾ?" ರಾತ್ರಿ ಹನ್ನೊಂದಕ್ಕೆ ಶುರುವಾದ ಚರ್ಚೆ, ವಾರ್ಡನ್ ಬಾಗಿಲು ಬಡಿಯೋ ತನಕ ನಡೀತು. ಹೌದು, ಕೋರ್ಟಿನಲ್ಲಿ ಸೋತಳು. ಕೆಲಸ ಹೋಯ್ತು. ಆ ವರ್ಷ ನೀರಲ್ಲಿ ನಿಂತ ಮರಗಳು ನಿಂತೇ ಇದ್ದವು. ನಾನು ಅದನ್ನು ಗೆಲುವು ಅಂತ ತಿದ್ದಿ ಬರೆಯೋಕೆ ಹೋಗಲ್ಲ. ಆದರೆ ಅವಳು ಅಲ್ಲಿಗೆ ಹೋಗೋ ತನಕ ಅದು ಕಂಪನಿಯ ಅಣೆಕಟ್ಟೆ, ಕಂಪನಿಯ ನೀರು, ಯಾರೂ ಕೇಳೋ ಹಾಗಿಲ್ಲದ ವ್ಯವಹಾರ. ಅವಳು ಹೋದ ಮೇಲೆ ಅದು ಕೇಸು. ಕೇಳೋರು ಒಬ್ಬರು ಇದ್ದಾರೆ ಅಂತ ದಾಖಲೆ ಆಯ್ತು. ಅಷ್ಟು ಮಾತ್ರ ನಾನು ಹೇಳೋದು. ರೂಮ್‌ಮೇಟ್ ಒಪ್ಪಿಲ್ಲ. ಕಮೆಂಟಿನಲ್ಲಿ ಅವಳ ಪರ ವಾದ ಮಾಡೋರು ಮಾಡಿ.

ಈ ಫೋಟೋದಲ್ಲಿ ಇರೋ ಬೋರ್ಡು ನದಿ ಮೂಲದ ಹತ್ತಿರ ಈಗಿರೋ ಕೇಂದ್ರದ್ದು. ಜನ ಕಾರು ನಿಲ್ಲಿಸಿ ಅದರ ಪಕ್ಕದಿಂದಲೇ ನದಿಗೆ ಇಳಿಯೋದು. ಹೆಸರು ಓದಿ: ಮೇರಿ ಗಿಬ್ಸ್.

ಭಾಗ 6

ಇದು ಚಿಕ್ಕದು.

1905ರಲ್ಲಿ ರಾಜ್ಯ ಪಾರ್ಕಿನೊಳಗೆ ಡಗ್ಲಸ್ ಲಾಡ್ಜ್ ಅನ್ನೋ ಮರದ ದಿಮ್ಮಿಗಳ ಅತಿಥಿಗೃಹ ಕಟ್ಟಿತು. ಈಗಲೂ ಇದೆ, ಫೋಟೋ ಮೂರರಲ್ಲಿ ಇರೋದು ಅದೇ. ಆಗ ಬರೋರು ಪಾರ್ಕ್ ರ‍್ಯಾಪಿಡ್ಸ್ ಊರಿನ ತನಕ ರೈಲಿನಲ್ಲಿ ಬಂದು, ಅಲ್ಲಿಂದ ಉಳಿದ ಇಪ್ಪತ್ತು ಚಿಲ್ಲರೆ ಮೈಲಿ ಗಾಡಿಯಲ್ಲಿ ಕುಲುಕಾಡಿಕೊಂಡು ಬರಬೇಕಿತ್ತು. ಒಂದು ಕಡೆ ಪ್ರವಾಸಿಗಳಿಗೆ ಲಾಡ್ಜ್, ಇನ್ನೊಂದು ಕಡೆ ಕೊಡಲಿ ಸದ್ದು, ಎರಡೂ ಒಂದೇ ಪಾರ್ಕಿನಲ್ಲಿ. ಕಡಿಯೋದು ನಿಂತಿದ್ದು 1920ರ ಹೊತ್ತಿಗೆ. ಅಂದ್ರೆ ಪಾರ್ಕು ಅಂತ ಘೋಷಣೆ ಆಗಿ ಹೆಚ್ಚು ಕಮ್ಮಿ ಮೂವತ್ತು ವರ್ಷ ಆದ ಮೇಲೆ.

ಪೂರ್ತಿ ಉಳಿಯಲಿಲ್ಲ, ಪೂರ್ತಿ ಹೋಗಲೂ ಇಲ್ಲ. ಅಕ್ಕ ಕತ್ತು ನೋಯಿಸಿಕೊಂಡು ಫೋಟೋ ತೆಗೆದ ಆ ಪೈನ್‌ಗಳಲ್ಲಿ ಕೆಲವು 1700ರ ಆಸುಪಾಸಿನಲ್ಲಿ ಹುಟ್ಟಿದವು. ಓಜಾವಿಂಡಿಬ್ ಆ ಕಡೆ ಬಂದಾಗ ಅವು ಆಗಲೇ ನೂರು ದಾಟಿದ್ದವು.

ಭಾಗ 7

ಮರ ಕಡಿಯೋರು ಹೋದರು, ಕಾರುಗಳು ಬಂದವು.

ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಕಾರು ಅಗ್ಗವಾಗಿ ಸಾಮಾನ್ಯರ ಕೈಗೆ ಸಿಕ್ಕಿದ್ದೇ ಅಮೆರಿಕಕ್ಕೆ ಕ್ಯಾಂಪಿಂಗ್ ಹುಚ್ಚು ಹಿಡೀತು. ಅದಕ್ಕಿಂತ ಮೊದಲು ಕಾಡಿಗೆ ಹೋಗಿ ಮಜವಾಗಿ ಇರೋದು ಅಂದ್ರೆ ವಾರಗಟ್ಟಲೆ ರಜೆ, ರೈಲಿನ ದುಡ್ಡು, ದಾರಿ ತೋರಿಸೋ ಆಳು ಎಲ್ಲ ಇದ್ದವರ ಶೋಕಿ. ಈಗ ಗುಮಾಸ್ತನೂ, ಮೇಷ್ಟ್ರೂ ಕಾರಿಗೆ ಪಾತ್ರೆ, ಕಂಬಳಿ ಕಟ್ಟಿಕೊಂಡು ಶನಿವಾರ ಹೊರಟ. 1921ರಲ್ಲಿ ಡಿ ಮಾಯ್ನ್ ನಗರದಲ್ಲಿ ಸ್ಟೇಟ್ ಪಾರ್ಕುಗಳ ಬಗ್ಗೆ ದೇಶಮಟ್ಟದ ಸಮ್ಮೇಳನವೇ ನಡೀತು. ನ್ಯಾಷನಲ್ ಪಾರ್ಕುಗಳ ಮುಖ್ಯಸ್ಥ ಸ್ಟೀಫನ್ ಮ್ಯಾಥರ್ ಅದರ ಹಿಂದಿದ್ದರು. ಎಲ್ಲ ಜನ ದೂರದ ದೊಡ್ಡ ಪಾರ್ಕಿಗೇ ಬರೋಕಾಗಲ್ಲ, ಪ್ರತಿ ರಾಜ್ಯವೂ ತನ್ನ ಜನಕ್ಕೆ ಹತ್ತಿರದಲ್ಲಿ ಜಾಗ ಮಾಡಿಕೊಡಬೇಕು ಅನ್ನೋದು ವಿಚಾರ.

ಬಂದವರು ಕಾರನ್ನು ಎಲ್ಲಿ ಬೇಕೋ ಅಲ್ಲಿ ನಿಲ್ಲಿಸೋರು. ಮರದ ಬುಡಕ್ಕೇ ತಂದು ನಿಲ್ಲಿಸೋರು, ನೆರಳಿದೆಯಲ್ಲ. ಹೊಸ ಜಾಗದಲ್ಲಿ ಒಲೆ ಹೂಡೋರು. ಕ್ಯಾಲಿಫೋರ್ನಿಯಾದ ಕೆಂಪು ಮರಗಳ ಕಾಡಿನಲ್ಲಿ ಇದನ್ನು ಗಮನಿಸಿದವರು ಇ. ಪಿ. ಮೈನೆಕೆ ಅನ್ನೋ ಸಸ್ಯರೋಗ ತಜ್ಞರು. ಮರಗಳಿಗೆ ಯಾವ ರೋಗವೂ ಇಲ್ಲ, ಆದರೂ ಸೊರಗ್ತಿವೆ. ಕಾರಣ ಹುಳ ಅಲ್ಲ, ಪ್ರವಾಸಿಗರು. ಚಕ್ರ ಮತ್ತು ಕಾಲ್ತುಳಿತಕ್ಕೆ ಮಣ್ಣು ಗಟ್ಟಿಯಾಗಿ, ಬೇರಿಗೆ ಗಾಳಿ ನೀರು ಇಳಿಯದೆ, ಪ್ರೀತಿಯಿಂದ ನೋಡೋಕೆ ಬಂದವರೇ ಮರಗಳನ್ನು ಕೊಲ್ಲುತ್ತಿದ್ದರು.

ನನಗೆ ಇದನ್ನು ಓದಿದಾಗ ಹೋದ ವರ್ಷದ ನಮ್ಮ ಕ್ಲಾಸ್ ಟ್ರಿಪ್ ನೆನಪಾಯ್ತು. ಇದ್ದವರಿಗೆಲ್ಲ ಗೊತ್ತು. ಮರದ ಬೇರಿನ ಮೇಲೇ ಟೆಂಟ್ ಹೊಡೆದಿದ್ದು, ಮೂರು ಕಡೆ ಮೂರು ಕ್ಯಾಂಪ್‌ಫೈರ್ ಹಾಕಿದ್ದು. ನಾನೂ ಇದ್ದೆ, ಸ್ಪೀಕರ್ ತಂದಿದ್ದೇ ನಾನು. ಬೇರೆಯವರನ್ನು ಬೈಯೋ ಹಕ್ಕಿಲ್ಲ.

ಮೈನೆಕೆ 1932ರಲ್ಲಿ ಪರಿಹಾರ ಬರೆದರು. ಅವರು ಜನರನ್ನು ಓಡಿಸಿ ಅನ್ನಲಿಲ್ಲ. ಒಂದೇ ದಿಕ್ಕಿನಲ್ಲಿ ಸುತ್ತಿ ಬರೋ ರಸ್ತೆ ಮಾಡಿ. ರಸ್ತೆಯಿಂದ ಓರೆಯಾಗಿ ಕಾರು ನಿಲ್ಲಿಸೋ ಪುಟ್ಟ ಕವಲು ಬಿಡಿ. ಕಾರು ಆಚೀಚೆ ಹೋಗದ ಹಾಗೆ ಬಂಡೆ, ದಿಮ್ಮಿ ಅಡ್ಡ ಇಡಿ. ಮೇಜು, ಒಲೆ ಎರಡನ್ನೂ ಕದಲದ ಹಾಗೆ ಕೂರಿಸಿ. ಮೇಜು ಎಲ್ಲಿದೆಯೋ ಜನ ಅಲ್ಲೇ ಓಡಾಡ್ತಾರೆ. ಒಂದು ಜಾಗದ ನೆಲ ಹಾಳಾಗಲಿ ಅಂತ ಒಪ್ಪಿಕೊಂಡು, ಉಳಿದ ಕಾಡಿನ ನೆಲ ಉಳಿಸಿಕೊಳ್ಳಿ. ಬಲಿ ಕೊಡೋ ಜಾಗ ಎಷ್ಟು ಅಂತ ಮೊದಲೇ ಲೆಕ್ಕ ಹಾಕೋದು, ಪಕ್ಕಾ ಬಜೆಟಿಂಗ್.

ಈಗ ಮತ್ತೆ ಮೊದಲನೇ ಭಾಗದ ಫೋಟೋಗೆ ಹೋಗಿ. ಮರದ ಮೇಜು, ನೆಲದಲ್ಲಿ ಕೂತ ಕಬ್ಬಿಣದ ಬಳೆ, ಪಕ್ಕದಲ್ಲಿ ಒಂದೇ ಕಾರಿಗಾಗೋ ಜಾಗ, ನಂಬರ್ ಬರೆದ ಕಂಬ. ಇವತ್ತು ಅಮೆರಿಕದ ಬಹುತೇಕ ಎಲ್ಲ ಪಾರ್ಕುಗಳ ಕ್ಯಾಂಪ್ ಜಾಗ ಇದೇ ಅಚ್ಚಿನದು. ಅಕ್ಕನಿಗೆ ಇದನ್ನು ಹೇಳಿದಾಗ, "ಅಯ್ಯೋ, ನಾನು ಸುಮ್ನೆ ಅನುಕೂಲಕ್ಕೆ ಇಟ್ಟಿದಾರೆ ಅಂದ್ಕೊಂಡಿದ್ದೆ ಕಣೇ" ಅಂದಳು. ಸೌದೆಯೂ ಮನೆಯಿಂದ ತರೋ ಹಾಗಿಲ್ಲವಂತೆ, ಒಪ್ಪಿಗೆ ಇರೋ ಮಾರಾಟಗಾರರಿಂದಲೇ ತಗೋಬೇಕು. ದೂರದ ಸೌದೆಯೊಳಗೆ ಕೂತು ಮರ ಕೊರೆಯೋ ಹುಳ ಸವಾರಿ ಬರುತ್ತೆ ಅಂತ. ರಾತ್ರಿ ಹತ್ತಾದ ಮೇಲೆ ಸದ್ದಿಲ್ಲ. ನನ್ನ ಸ್ಪೀಕರ್ ಅಲ್ಲಿ ನಡೀತಿರಲಿಲ್ಲ.

ಭಾಗ 8

1929ರಲ್ಲಿ ಅಮೆರಿಕದ ಷೇರು ಮಾರುಕಟ್ಟೆ ಕುಸಿದಿದ್ದು ನಮ್ಮ ಸಿಲೆಬಸ್‌ನಲ್ಲೇ ಇದೆ. ಕುಸಿದ ಮೇಲೆ ಕಾಡಿನಲ್ಲಿ ಏನಾಯ್ತು ಅನ್ನೋದು ಸಿಲೆಬಸ್‌ನಲ್ಲಿ ಇಲ್ಲ.

1933ರಲ್ಲಿ ಅಧ್ಯಕ್ಷರಾದ ರೂಸ್‌ವೆಲ್ಟ್ ಸಿಸಿಸಿ ಅನ್ನೋ ಯೋಜನೆ ತಂದರು. ಕೆಲಸ ಇಲ್ಲದ, ಮದುವೆ ಆಗದ, 18ರಿಂದ 25 ವರ್ಷದ ಹುಡುಗರಿಗೆ ಕಾಡಿನಲ್ಲಿ ಕೆಲಸ. ಊಟ, ಬಟ್ಟೆ, ಇರೋಕೆ ಜಾಗ, ತಿಂಗಳಿಗೆ 30 ಡಾಲರ್. ಅದರಲ್ಲಿ 25 ಡಾಲರ್ ಕಡ್ಡಾಯವಾಗಿ ಮನೆಗೆ ಹೋಗಬೇಕು. ಕೈಗೆ ಬರೋದು 5. 1942ರಲ್ಲಿ ಯೋಜನೆ ಮುಗಿಯೋ ಹೊತ್ತಿಗೆ ಸುಮಾರು 30 ಲಕ್ಷ ಜನ ಅದರಲ್ಲಿ ದುಡಿದಿದ್ದರು. ಹುಡುಗಿಯರನ್ನು ಸೇರಿಸಿಕೊಳ್ಳಲಿಲ್ಲ. ಕಪ್ಪು ಹುಡುಗರನ್ನು 1935ರಿಂದ ಬೇರೆ ಶಿಬಿರಗಳಲ್ಲಿ ಇಟ್ಟರು. ಇದನ್ನೂ ಅದೇ ಉಸಿರಲ್ಲಿ ಹೇಳಲೇಬೇಕು.

ದೇಶದ ಸ್ಟೇಟ್ ಪಾರ್ಕುಗಳು ಜನ ಬಳಸೋ ರೂಪಕ್ಕೆ ಬಂದಿದ್ದು ದೊಡ್ಡ ಮಟ್ಟಿಗೆ ಈ ಹುಡುಗರ ಕೈಯಲ್ಲಿ. ಇಟಾಸ್ಕಾದಲ್ಲಿ 1934ರಲ್ಲಿ ಅವರು ಕಟ್ಟಿದ 'ಓಲ್ಡ್ ಟೈಮರ್ಸ್ ಕ್ಯಾಬಿನ್' ಅನ್ನೋ ಪುಟ್ಟ ಮನೆ ನೋಡಿ. ಗೋಡೆಯಲ್ಲಿ ದಿಮ್ಮಿಗಳನ್ನು ಎಣಿಸಿ. ನಾಲ್ಕು. ನೆಲದಿಂದ ಸೂರಿನ ತನಕ ನಾಲ್ಕೇ ದಿಮ್ಮಿ. ಒಂದೊಂದು ಮರ ಎಷ್ಟು ದಪ್ಪ ಇದ್ದಿರಬೇಕು ಅಂತ ನೀವೇ ಲೆಕ್ಕ ಹಾಕಿ.

ಈಗ ಈ ಸೀರೀಸಿನ ಅತಿ ಫೇಮಸ್ ಫೋಟೋ. ಕೆರೆಯ ಅಂಚಿನಲ್ಲಿ ಸಾಲಾಗಿ ಕಲ್ಲುಗಳು, ಅದರಾಚೆ ಹರಿಯೋ ತಿಳಿನೀರು. ಇಲ್ಲಿ ಕಲ್ಲಿನಿಂದ ಕಲ್ಲಿಗೆ ದಾಟಿದ್ರೆ ಮಿಸಿಸಿಪ್ಪಿಯನ್ನು ನಡೆದು ದಾಟಿದೆ ಅಂತ ಹೇಳ್ಕೋಬಹುದು. ಭಾವನ ಶೂ ಇರೋದು ಇಲ್ಲೇ. ಪಕ್ಕದ ಕಂಬದ ಪ್ರಕಾರ ನದಿ ಇಲ್ಲಿಂದ ಸಮುದ್ರಕ್ಕೆ 2,552 ಮೈಲಿ ಹೋಗುತ್ತೆ. ಎಷ್ಟು ಸಹಜ, ಎಷ್ಟು ಚೆಂದ ಇದೆ ಅಲ್ವಾ?

ಅದು 1930ರ ದಶಕದಲ್ಲಿ ಮಾಡಿದ್ದು. ಅದಕ್ಕೂ ಮೊದಲು ಇಲ್ಲಿ ಇದ್ದಿದ್ದು ಕೆಸರು, ಜೌಗು. ಇಷ್ಟು ದೂರ ಬಂದವರಿಗೆ ಮಹಾನದಿಯ ಮೂಲ ಅಂತ ಕೆಸರು ತೋರಿಸೋದು ಹೇಗೆ ಅಂತ ಯೋಚಿಸಿ, ಸಿಸಿಸಿ ಹುಡುಗರ ಕೈಲಿ ಜೌಗು ತುಂಬಿಸಿ, ಕಾಲುವೆ ತಿದ್ದಿಸಿ, ಕಾಂಕ್ರೀಟಿನ ಚಿಕ್ಕ ಕಟ್ಟೆ ಹಾಕಿಸಿ ಅದರ ಮೇಲೆ ಕಲ್ಲು ಜೋಡಿಸಿದರು.

ನನಗೆ ಮೊದಲು ಮೋಸ ಹೋದ ಹಾಗೆ ಅನ್ನಿಸಿತು. ಆಮೇಲೆ ಯೋಚಿಸಿದರೆ, ತಲಕಾವೇರಿಯ ಕುಂಡಿಕೆಗೂ ನಮ್ಮವರು ಕಲ್ಲು ಕಟ್ಟಿದ್ದಾರೆ, ಅಲ್ಲಿ ಯಾರೂ ಮುಚ್ಚುಮರೆ ಮಾಡಿಲ್ಲ. ಇಟಾಸ್ಕಾದಲ್ಲಿ ಕಾಂಕ್ರೀಟನ್ನು ಕಲ್ಲಿನ ಕೆಳಗೆ ಬಚ್ಚಿಟ್ಟಿದ್ದಾರೆ, ವ್ಯತ್ಯಾಸ ಅಷ್ಟೇ. ಆದರೂ ಎದೆ ಮುಟ್ಟಿ ಹೇಳಿ, ನಿಮ್ಮ ವಯಸ್ಸಿನ, ಕೆಲಸ ಇಲ್ಲದ ಹುಡುಗ ಐದು ಡಾಲರ್ ಇಟ್ಟುಕೊಂಡು ಇಪ್ಪತ್ತೈದು ಮನೆಗೆ ಕಳಿಸಿ ಜೋಡಿಸಿದ ಕಲ್ಲು ಅಂತ ಗೊತ್ತಾದ ಮೇಲೆ ಆ ಫೋಟೋ ನಿಮಗೆ ಮೊದಲಿನ ಥರಾನೇ ಕಾಣುತ್ತಾ?

ಭಾಗ 9, ಕೊನೆಯದು

ಕಡಿಯೋರು ನಿಂತರು, ಅಣೆಕಟ್ಟೆ ಹೋಯ್ತು, ಕಾರಿಗೆ ಅಂಕೆ ಬಂತು. ಇನ್ನು ಮರಗಳಿಗೆ ಏನು ತೊಂದರೆ?

ಹೊಸ ಮರಗಳೇ ಬರಲಿಲ್ಲ.

ಇದಕ್ಕೆ ಕಾರಣ ಎರಡು, ಎರಡೂ ಒಳ್ಳೆ ಉದ್ದೇಶದಿಂದ ಆದವು. ಮೊದಲನೆಯದು, ಪಾರ್ಕಿನಲ್ಲಿ ಬೇಟೆ ನಿಲ್ಲಿಸಿದರು. ಜಿಂಕೆ ಮಿತಿ ಮೀರಿ ಹೆಚ್ಚಿದವು. ಚಳಿಗಾಲದಲ್ಲಿ ತಿನ್ನೋಕೆ ಬೇರೆ ಸಿಗದೆ ಎಳೆ ಪೈನ್‌ಗಳ ಕುಡಿಯನ್ನೆಲ್ಲ ಮೇಯ್ದು ಹಾಕಿದವು. ಕೊನೆಗೆ ಜಿಂಕೆಗಳೂ ಹಸಿವಿನಿಂದ ಸಾಯೋಕೆ ಶುರುವಾಗಿ, 1940ರ ದಶಕದಲ್ಲಿ ಬೇಟೆಗೆ ಮತ್ತೆ ಅವಕಾಶ ಕೊಡಬೇಕಾಯ್ತು. ಎರಡನೆಯದು, ಬೆಂಕಿ ಬಿದ್ದ ಕೂಡಲೇ ಆರಿಸಿದರು. 100 ಅಡಿ ಎತ್ತರದ ಕಬ್ಬಿಣದ ಗೋಪುರ ಕಟ್ಟಿ, ಹೊಗೆ ಎಲ್ಲಿ ಎದ್ದರೂ ಕಾಣೋ ಹಾಗೆ ಮಾಡಿದರು. ಆದರೆ ಕೆಂಪು ಪೈನ್ ಬೀಜ ಮೊಳೆಯೋಕೆ ಬರಿ ಮಣ್ಣು ಬೇಕು, ಬಿಸಿಲು ಬೇಕು. ಆಗಾಗ ಹಾಯ್ದು ಹೋಗೋ ಸಣ್ಣ ನೆಲಬೆಂಕಿ ತರಗೆಲೆ, ಪೊದೆ ಸುಟ್ಟು ಅದನ್ನು ಒದಗಿಸ್ತಿತ್ತು. ದೊಡ್ಡ ಮರದ ದಪ್ಪ ತೊಗಟೆಗೆ ಆ ಬೆಂಕಿ ಒಂದು ಗಾಯ ಮಾಡಿ ಹೋಗೋದು ಅಷ್ಟೇ. ಹಳೆ ಮರಗಳ ಬುಡದಲ್ಲಿ ಆ ಕಪ್ಪು ಗಾಯಗಳು ಈಗಲೂ ಇವೆ, ಸ್ವೈಪ್ ಮಾಡಿ ನೋಡಿ. ಈಗ ಪಾರ್ಕಿನವರೇ ಗಾಳಿ, ತೇವ ಎಲ್ಲ ಲೆಕ್ಕ ಹಾಕಿ, ದಿನ ಗೊತ್ತು ಮಾಡಿ, ಕೆಲವು ಕಡೆ ಬೆಂಕಿ ಇಡ್ತಾರೆ.

ಅಂದ್ರೆ ಅಕ್ಕ ನೋಡಿದ್ದು ಹೆಚ್ಚಾಗಿ ಮುದಿ ಮರಗಳು. ಇನ್ನೂರು, ಮುನ್ನೂರು ವರ್ಷದವು. ಗಾಳಿಮಳೆಗೆ ಒಂದೊಂದಾಗಿ ಬೀಳ್ತವೆ. ಬಿದ್ದಿದ್ದಕ್ಕೆ ಬದಲಿ ಬೇಕು.

ಕೊನೆಯ ಫೋಟೋ ಒಂದು ಗಿಡದ್ದು, ಸೊಂಟದ ಎತ್ತರ ಇದೆ. ತುದಿಯಲ್ಲಿ ಬಿಳಿ ಏನೋ ಕಾಣ್ತಿದೆ ಅಲ್ವಾ? ಕಸ ಅಂದ್ಕೊಂಡು ಅಕ್ಕ ಹತ್ತಿರ ಹೋಗಿದ್ದಂತೆ, ತೆಗೆದು ಹಾಕೋಣ ಅಂತ. ಕಸ ಅಲ್ಲ. ಮಿನ್ನೆಸೋಟಾದಲ್ಲಿ ಚಳಿ ಶುರುವಾಗೋಕೆ ಮುಂಚೆ ಜನ ಎಳೆ ಪೈನ್‌ಗಳ ಹತ್ತಿರ ಹೋಗಿ, ತುದಿಯ ಮೊಗ್ಗಿಗೆ ಅಂಗೈಯಗಲದ ಕಾಗದದ ಚೂರು ಸುತ್ತಿ ಸ್ಟೇಪ್ಲರ್ ಹೊಡೀತಾರೆ. ಜಿಂಕೆಗೆ ಕಾಗದ ಇಷ್ಟ ಇಲ್ಲ, ಆ ಮೊಗ್ಗು ಬಿಟ್ಟು ಮುಂದೆ ಹೋಗುತ್ತೆ. ವಸಂತದಲ್ಲಿ ಕುಡಿ ಕಾಗದ ಸೀಳಿಕೊಂಡು ಮೇಲೆ ಬರುತ್ತೆ. ಮುಂದಿನ ವರ್ಷ ಮತ್ತೆ ಹೋಗಿ ಹೊಸ ತುದಿಗೆ ಹೊಸ ಕಾಗದ. ಜಿಂಕೆಯ ಬಾಯಿಗೆ ಎಟುಕದಷ್ಟು ಎತ್ತರ ಆಗೋ ತನಕ ಪ್ರತಿ ವರ್ಷ, ಪ್ರತಿ ಗಿಡಕ್ಕೆ.

ಅಕ್ಕ ಮುಟ್ಟದೆ ವಾಪಸ್ ಬಂದಳಂತೆ. ಒಂದು ರಾತ್ರಿಗೆ ಎಷ್ಟಾಯ್ತು ಅಂತ ಇನ್ನೂ ಹೇಳಿಲ್ಲ.